ಅಪ್ಪ ದಾಟದ ಆರನೇ ಸ್ಟೇಜು

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪನ ಕಾಲು ಮುರಿಯಿತು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿಗೆ ಅವರು ಡ್ರೈವರ್. ದಾರಿಯಲ್ಲಿ ಪಂಕ್ಚರಾದ ಚಕ್ರ ಬಿಚ್ಚುವಾಗ ಜಾಕು ಜಾರಿ ಎಡಗಾಲಿನ ಮೂಳೆ ಮುರಿಯಿತು. ಚಿತ್ರದುರ್ಗದಲ್ಲಿ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು, ತಮ್ಮದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿ ಹೊಸದುರ್ಗಕ್ಕೆ ಬಂದರು. ಅದೊಂದು ದಿನ ಬಸ್ಸು ಬಸ್‌ಸ್ಟ್ಯಾಂಡಿಗೆ ಹೋಗುವ ಮೊದಲು ನಮ್ಮ ಮನೆ ಮುಂದೆ ನಿಂತಿತು.

ಅಲ್ಲಿಯವರೆಗೆ ಅಪ್ಪನನ್ನು ನಾನು ಹಗಲು ಹೊತ್ತಿನಲ್ಲಿ ನೋಡಿದ್ದೇ ಕಡಿಮೆ. ನಾನು ಏಳುವ ಮುಂಚೆ ಅವರು ಹೊರಟಿರುತ್ತಿದ್ದರು, ಬರುವಷ್ಟರಲ್ಲಿ ನನಗೆ ನಿದ್ದೆ. ಈಗ ನೋಡಿದರೆ ಬೆಳಗಿನಿಂದ ಸಂಜೆಯವರೆಗೆ ನಡುಮನೆಯ ಗೋಡೆಗೆ ಒರಗಿ, ದಿಂಬಿನ ಮೇಲೆ ಕಾಲಿಟ್ಟು ಕೂತಿರುವ ಮನುಷ್ಯ. ನಮ್ಮಿಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ‘ಊಟ ಆಯ್ತಾ?’ ಅಂತ ಅವರು ಕೇಳುವುದು, ‘ಆಯ್ತು’ ಅಂತ ನಾನು ಹೇಳುವುದು. ಎರಡು ದಿನ ಹೀಗೇ ಕಳೆಯಿತು.

ಅಪ್ಪನನ್ನು ನೋಡಲು ಬಂದ ದಾವಣಗೆರೆಯ ಸೋದರಮಾವ ಒಂದು ವಿಡಿಯೋ ಗೇಮ್ ತಂದುಕೊಟ್ಟರು. ಟಿವಿಗೆ ಜೋಡಿಸುವ ಬಿಳಿ ಡಬ್ಬಿ, ವೈರಿನ ತುದಿಗೆ ಎರಡು ರಿಮೋಟು, ಒಂದೇ ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಒತ್ತಿದರೆ, ನಮ್ಮ ಹಳೆ ಟಿವಿಯಲ್ಲಿ ತಲೆಗೆ ಕೆಂಪು ಪಟ್ಟಿ ಕಟ್ಟಿದ ಕತ್ತಿವೀರನೊಬ್ಬ ಬಂದು ನಿಲ್ಲುತ್ತಿದ್ದ. ಅವನನ್ನು ಓಡಿಸಬೇಕು, ನಡುವೆ ಮೇಲೆ ಕೆಳಗೆ ಆಡುವ ಕಲ್ಲುಗಳ ಮೇಲೆ ಕಾಲಿಡಿಸಿ ಹಳ್ಳ ಹಾರಿಸಬೇಕು, ಎದುರಿಗೆ ಬರುವ ಹಾವು, ಬಾವಲಿಗಳನ್ನು ಕಡಿಯಬೇಕು. ಒಟ್ಟು ಆರು ಸ್ಟೇಜು. ನಾನು ಮೊದಲನೆಯದರಲ್ಲೇ ಮತ್ತೆ ಮತ್ತೆ ಸಾಯುತ್ತಿದ್ದೆ.

ಆಟ ಬಂದ ಮೂರನೆಯ ದಿನ ಅಪ್ಪ ತಡೆಯಲಾರದೆ ಬಾಯಿಬಿಟ್ಟರು. “ಏನವ್ವ, ಅಷ್ಟು ಅವಸರ ಏನೈತೆ? ಆ ಕಲ್ಲು ಕೆಳಗೆ ಹೋಗಿ ಮೇಲೆ ಬರ್ಲಿ. ಸಣ್ಣ ಸೇತುವೆ ಮೇಲೆ ಎದುರಿಗೆ ಲಾರಿ ಬಂದ್ರೆ ನುಗ್ತಾರೇನು? ಕಾಯ್ಬೇಕು.”

ಕಾದೆ. ಕಲ್ಲು ಮೇಲೆ ಬಂತು, ಹಾರಿದೆ. ಕತ್ತಿವೀರ ಆಚೆ ದಡದಲ್ಲಿದ್ದ.

“ಕೊಡಿಲ್ಲಿ, ನಾನೊಂದು ಕೈ ನೋಡ್ತೀನಿ,” ಅಂದರು.

ಆವತ್ತಿನಿಂದ ನಮಗೆ ಅದೇ ಕೆಲಸವಾಯಿತು. ಅಪ್ಪ ಹಾರುವ ಜಾಗಗಳನ್ನು ನೋಡಿಕೊಂಡರು, ಕಡಿಯುವುದು ನನ್ನ ಪಾಲಿಗೆ. ಒಂದೇ ರಿಮೋಟನ್ನು ಅವರ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವರ ಕೈಗೆ ದಾಟಿಸುತ್ತ ಆಡುತ್ತಿದ್ದೆವು. ಆ ಆಟದಲ್ಲಿ ಹಿಂದಕ್ಕೆ ಹೋಗುವಂತಿರಲಿಲ್ಲ, ದಾಟಿದ ದಾರಿ ಪರದೆಯಿಂದ ಮಾಯವಾಗುತ್ತಿತ್ತು. ಅಪ್ಪನಿಗೆ ಇದು ವಿಚಿತ್ರವೆನಿಸಿತ್ತು. “ವಾಪಸ್ ಟ್ರಿಪ್ಪೇ ಇಲ್ವಲ್ಲೇ ಈ ರೂಟಿಗೆ!” ಎಂದು ನಗುತ್ತಿದ್ದರು. ಮೂರನೆಯ ಸ್ಟೇಜಿನಲ್ಲಿ ಕೆರೆಯಂಥದ್ದೊಂದು ಬರುತ್ತಿದ್ದುದರಿಂದ ಅದಕ್ಕೆ ಹೊಳಲ್ಕೆರೆ ಎಂದು ಹೆಸರಿಟ್ಟರು. ಕೊನೆಯದು ಕೋಟೆ, ಅದು ದುರ್ಗ. “ಇವತ್ತು ಹೊಳಲ್ಕೆರೆ ದಾಟಿಬಿಡಾಣ,” ಎಂದು ತಿಂಡಿಯಾದ ಕೂಡಲೇ ರಿಮೋಟು ಕೈಗೆತ್ತಿಕೊಳ್ಳುತ್ತಿದ್ದರು.

ಅಮ್ಮ ಅದೇ ಕೋಣೆಯ ಮೂಲೆಯಲ್ಲಿ ಮಿಷನ್ ಹೊಲಿಗೆ ಹಾಕುತ್ತಿದ್ದಳು. “ಹುಡುಗಿ ಕೆಟ್ಲು ಅಂತಿದ್ದೆ, ಈಗ ನೀವೂ ಶುರು ಹಚ್ಕಂಡ್ರಾ?” ಎನ್ನುವಳು. ಆದರೆ ಕಷ್ಟದ ಹಳ್ಳ ಬಂದಾಗ ಅವಳ ಮಿಷನ್ನಿನ ಸದ್ದೂ ನಿಂತುಬಿಡುತ್ತಿತ್ತು.

ಒಂದು ಮಧ್ಯಾಹ್ನ ಕೊನೆಗೂ ಕೋಟೆಯೊಳಗೆ ಹೋದೆವು. ಅಪ್ಪನ ಜೊತೆಯ ಕಂಡಕ್ಟರು ಆವತ್ತು ಯೋಗಕ್ಷೇಮ ವಿಚಾರಿಸಲು ಬಂದಿದ್ದವರು, ಟೀ ಲೋಟ ಹಿಡಿದುಕೊಂಡೇ ಟಿವಿ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಅಪ್ಪ ಒಂದೊಂದು ಕಲ್ಲಿಗೆ ಹಾರಿದಾಗಲೂ “ರೈಟ್, ರೈಟ್!” ಎನ್ನುತ್ತಿದ್ದರು. ಕೋಟೆಯ ತುದಿಯಲ್ಲಿ ಒಬ್ಬ ದೈತ್ಯ ನಿಂತಿದ್ದ. ಅಪ್ಪ ರಿಮೋಟನ್ನು ನನ್ನ ಕೈಗೆ ತುರುಕಿದರು. ನಾನು ಎರಡೇಟು ಹಾಕಿದೆ. ಮೂರನೆಯದಕ್ಕೆ ಕತ್ತಿ ಎತ್ತಿದಾಗ ಕರೆಂಟು ಹೋಯಿತು.

ಆ ಆಟಕ್ಕೆ ನೆನಪಿಟ್ಟುಕೊಳ್ಳುವ ವಿದ್ಯೆ ಇರಲಿಲ್ಲ, ಕರೆಂಟು ಬಂದರೂ ಮತ್ತೆ ಮೊದಲ ಹಳ್ಳದಿಂದಲೇ ಶುರು. ನಾನು ಜೋರಾಗಿ ಅತ್ತೆ. “ಹೋಗ್ಲಿ ಬಿಡವ್ವ, ನಾಳೆ ಹೋಗಾಣ,” ಎಂದು ಅಪ್ಪ ನನ್ನ ತಲೆ ಸವರಿದರು. ಹಾಗೆ ಅವರು ತಲೆ ಸವರಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಆದರೆ ಮತ್ತೆ ಕೋಟೆಯವರೆಗೆ ಹೋಗಲು ನಮ್ಮಿಂದ ಆಗಲಿಲ್ಲ. ಕಾಲಿನ ಪಟ್ಟಿ ಬಿಚ್ಚಿದರು, ಶಾಲೆ ಶುರುವಾಯಿತು, ಇನ್ನಷ್ಟು ದಿನ ಕಳೆದ ಮೇಲೆ ಅಪ್ಪನೂ ಡ್ಯೂಟಿಗೆ ಹೋದರು. ಡಬ್ಬಿಯ ಅಡಾಪ್ಟರು ಮಳೆಗಾಲದಲ್ಲಿ ಸುಟ್ಟುಹೋಯಿತು.

ಹತ್ತು ಹನ್ನೆರಡು ವರ್ಷ ಕಳೆದು ನಾನು ಚಿತ್ರದುರ್ಗದಲ್ಲಿ ಕೆಲಸಕ್ಕೆ ಸೇರಿ, ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲೇ ಮನೆ ಮಾಡಿದೆ. ಅಪ್ಪ ಆಗಲೂ ಅದೇ ರೂಟಿನಲ್ಲಿದ್ದರು. ಭಾನುವಾರಗಳಲ್ಲಿ, ಎರಡು ಟ್ರಿಪ್ಪಿನ ನಡುವಿನ ಬಿಡುವಿಗೆ, ಊಟಕ್ಕೆ ನನ್ನಲ್ಲಿಗೆ ಬರುತ್ತಿದ್ದರು. ಗೆಳತಿಯೊಬ್ಬಳು ಹಳೆಯ ಆಟಗಳನ್ನೆಲ್ಲ ತುಂಬಿದ್ದ ಸಿಡಿಯೊಂದನ್ನು ಕೊಟ್ಟಿದ್ದಳು. ಕಂಪ್ಯೂಟರಿಗೆ ಹಾಕಿ ಹುಡುಕಿದರೆ, ಅದರೊಳಗೆ ನಮ್ಮ ಕತ್ತಿವೀರನೂ ಇದ್ದ. ಭಾನುವಾರ ಅಪ್ಪ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿರುವಾಗ ಆಟ ಹಚ್ಚಿದೆ. ಸಂಗೀತ ಕೇಳಿದ್ದೇ ಅಪ್ಪ ತಿರುಗಿ ನೋಡಿದರು.

“ಅರೆ, ಇವನಿನ್ನೂ ಇದಾನಾ!”

ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ನಾನೇ ಆಡುತ್ತ ಹೋದಂತೆ ನನಗೆ ಆಶ್ಚರ್ಯವಾಯಿತು. ಒಂದು ಇಡೀ ಬೇಸಿಗೆ ತಿಂದ ಆ ದಾರಿ ಈಗ ಅರ್ಧ ಗಂಟೆಯದು. ಕೆರೆ ಅಂದುಕೊಂಡಿದ್ದದ್ದು ನಾಲ್ಕು ನೀಲಿ ಗೆರೆ. ಕೋಟೆಯ ದೈತ್ಯ ಐದೇಟಿಗೆ ಬಿದ್ದ. ಆಮೇಲೆ ಸೂರ್ಯ ಹುಟ್ಟಿದ, ತಪ್ಪು ಇಂಗ್ಲಿಷಿನಲ್ಲಿ ಎರಡು ಸಾಲು ಅಭಿನಂದನೆ ಬಂತು, ಕತ್ತಿವೀರ ಮತ್ತೆ ಮೊದಲ ಹಳ್ಳದ ಮುಂದೆ ನಿಂತ.

“ಇಷ್ಟಕ್ಕೇನೇ ನಾವು ಅಷ್ಟು ಬಡ್ಕಂಡಿದ್ದು?” ಎಂದು ಅಪ್ಪ ಬಿದ್ದು ಬಿದ್ದು ನಕ್ಕರು.

“ಆದರೂ ಆ ಬೇಸಿಗೆ ಎಷ್ಟು ಚೆನ್ನಾಗಿತ್ತು ಅಲ್ವೇನಪ್ಪ?” ಅಂದೆ.

ಅಪ್ಪನ ನಗು ನಿಂತಿತು. “ನಿನಗೆ ಚೆನ್ನಾಗಿತ್ತು. ನನಗೆ ಎದೆ ಹೊಡ್ಕಂತಿತ್ತು. ಪಟ್ಟಿ ಬಿಚ್ಚಿದ ಮೇಲೆ ಕಾಲು ಕ್ಲಚ್ ಒತ್ತದೇ ಹೋದ್ರೆ? ನನಗೆ ಬೇರೆ ಯಾವ ಕೆಲಸ ಬರ್ತೈತೆ? ನಿಮ್ಮಮ್ಮನ ಮುಂದೂ ಬಾಯಿ ಬಿಟ್ಟಿರ್ಲಿಲ್ಲ. ಈ ಆಟ ಆಡೋವಾಗ ಮಾತ್ರ ಅದು ಮರ್ತು ಹೋಗ್ತಿತ್ತು ನೋಡು.”

ಅಪ್ಪ ನನ್ನನ್ನು ಆಡಿಸಲೆಂದೇ ಆಡುತ್ತಿದ್ದಾರೆಂದು ಇಷ್ಟು ವರ್ಷ ನಂಬಿದ್ದೆ. ಅವರ ಪಕ್ಕದಲ್ಲೇ ಕೂತಿದ್ದರೂ ಆ ಹೆದರಿಕೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇಸರವಾಯಿತು. ಜೊತೆಗೆ, ಗೊತ್ತಿಲ್ಲದೆಯೇ ಅವರಿಗೆ ಒಂದಿಷ್ಟು ಆಸರೆಯಾಗಿದ್ದೆನಲ್ಲ ಎಂದು ಸಮಾಧಾನವೂ ಆಯಿತು. ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ.

ಕೀಬೋರ್ಡಿನ ಗುಂಡಿಗಳು ಅಪ್ಪನ ದಪ್ಪ ಬೆರಳಿಗೆ ಒಗ್ಗಲಿಲ್ಲ. ಮೊದಲ ಹಳ್ಳಕ್ಕೇ ಮೂರು ಸಲ ಬಿದ್ದರು. ಅಷ್ಟರಲ್ಲಿ ಅವರ ಮೊಬೈಲು ಹೊಡೆದುಕೊಂಡಿತು, ಬಸ್‌ಸ್ಟ್ಯಾಂಡಿನಿಂದ ಕಂಡಕ್ಟರು.

“ಬಂದೆ ಬಂದೆ, ಐದು ನಿಮಿಷ. ಜನನ್ನ ಕುಂಡ್ರಿಸ್ರಿ,” ಎಂದು ಫೋನಿಟ್ಟು, ನನ್ನ ಕಡೆ ನೋಡದೆ ಹೇಳಿದರು: “ಇನ್ನೊಂದು ಸಲ ಹಚ್ಚು.”