ಅರ್ಧ ಅಂಕ

ಎರಡು ಸಾವಿರದ ಇಸವಿಯ ಆಸುಪಾಸು, ಬಸವೇಶ್ವರನಗರದ ರಿಂಕಿನಲ್ಲಿ ಗಾಲಿ ಸ್ಕೇಟಿಂಗಿಗೆ ನನ್ನ ಜೊತೆ ತೀರ್ಪುಗಾರರಾಗಿದ್ದ ಹಿರಿಯರೊಬ್ಬರು ಅಂಕ ಬರೆಯುವ ಮುನ್ನ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಚಪ್ಪಾಳೆಗೆ ಮಾರ್ಕಿಲ್ಲ" ಎನ್ನುತ್ತಿದ್ದರು. ಒಂಟಿ ಮನುಷ್ಯ. ಅವರೇ ಸ್ಕೇಟಿಂಗ್ ಕಲಿಸಿದ ಯುವಕನೊಬ್ಬ ಮಾತ್ರ ಭಾನುವಾರ ಅವರ ಮನೆಗೆ ಊಟಕ್ಕೆ ಬರುತ್ತಿದ್ದ.

ಪುರುಷರ ಫಿಗರ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಅವನ ಕೊನೆಯ ಜಿಗಿತಕ್ಕೆ ಜನರೆಲ್ಲ ಎದ್ದು ನಿಂತರು. ನಾವು ಪೂರ್ತಿ ಅಂಕ ಕೊಟ್ಟೆವು. ಇವರೊಬ್ಬರು ಅರ್ಧ ಕಳೆದರು. ಆ ಅರ್ಧ ಅಂಕದಿಂದಲೇ ಅವನಿಗೆ ರಾಜ್ಯ ದಾಖಲೆ ತಪ್ಪಿತು. ಅವನು ಅವರತ್ತ ನೋಡದೆ ಹೊರಟುಹೋದ. ಮತ್ತೆಂದೂ ಅವರ ಮನೆಗೆ ಹೋಗಲಿಲ್ಲ.

ಎಷ್ಟೋ ತಿಂಗಳ ನಂತರ ಆ ಹಿರಿಯರು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಕೇಳಿದೆ: "ಕೊಟ್ಟುಬಿಡಬಹುದಿತ್ತಲ್ವಾ ಸಾರ್?"

"ಕೊಟ್ಟಿದ್ರೆ ಈಗಲೂ ಬರ್ತಿದ್ದ" ಎಂದರು. "ಆದ್ರೆ ಜಿಗಿದು ಇಳಿಯುವಾಗ ಅವನ ಕೈ ನೆಲಕ್ಕೆ ತಾಗ್ತು ಕಣಮ್ಮ. ನೀವ್ಯಾರೂ ನೋಡ್ಲಿಲ್ಲ. ನಾನು ನೋಡ್ಬಿಟ್ಟೆ."