ಅಕ್ಕ ತೊಳೆದ ಬೂಟು

ನನ್ನ ಕಿರಿಮಗಳು ಕಾಡಿನಲ್ಲಿ ಸತ್ತುಬಿದ್ದ ಕಾಡುಹಂದಿಗಳನ್ನು ಹುಡುಕುತ್ತಾಳೆ. ಅವುಗಳ ರಕ್ತವನ್ನೋ ಎಲುಬಿನ ಚೂರನ್ನೋ ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸುತ್ತಾಳೆ. ಹಂದಿಗಳಿಗೆ ಒಂದು ಜ್ವರ ಬರುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಬೂಟಿನ ಕೆಸರಿಗೆ ಅಂಟಿಯಾದರೂ ಕಾಡಿನಿಂದ ಊರಿಗೆ ಇಳಿದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದು. ಅದು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಿರುವುದೇ ಅವಳ ಕೆಲಸ. ಗಾಳಿ ಬಂದ ಕಡೆಗೆ ಮುಖ ತಿರುಗಿಸಿ, “ಅಲ್ಲಿದೆ” ಅನ್ನುತ್ತಾಳಂತೆ. ಜೊತೆಯವರು ಅವಳಿಗಿಟ್ಟ ಹೆಸರು ‘ಮೂಗಿನಮ್ಮ’.

ನಾನಿರುವುದು ಹಿರಿಮಗಳ ಮನೆಯಲ್ಲಿ. ಅವಳು ಸಾಕುವುದೂ ಹಂದಿಯನ್ನೇ. ಹಾಗಾಗಿ ಕಿರಿಯವಳು ಕೆಲಸದ ದಿನ ಇತ್ತ ಸುಳಿಯುವುದಿಲ್ಲ. ಒಮ್ಮೆ ಮಾತ್ರ, ನನಗೆ ಜ್ವರವೆಂದು ಕೇಳಿ, ಕಾಡಿನಿಂದ ನೇರ ಬಂದಳು. ಬಟ್ಟೆ ಬದಲಿಸಿ, ಬೂಟನ್ನು ಚೀಲದಲ್ಲಿ ಕಟ್ಟಿ ಗೇಟಿನಾಚೆ ಇಟ್ಟು, ಬೀದಿಬದಿಯ ಕಿಟಕಿಯ ಹೊರಗೆ ನಿಂತೇ ನನ್ನನ್ನು ಮಾತಾಡಿಸಿದಳು. ಅಷ್ಟರಲ್ಲಿ ಹಿರಿಯವಳು ಆ ಬೂಟು ಹಿಡಿದು ಬಂದಳು.

“ನೋಡೇ, ಹೊಸದರ ಹಾಗೆ ಮಾಡಿದ್ದೀನಿ. ಚಿಕ್ಕವಳಿದ್ದಾಗಿಂದ ಕೆಸರಿನ ರಾಣಿ ನೀನು!”

ಕಿರಿಯವಳು ಕಿಟಕಿ ಬಿಟ್ಟು ತಿರುಗಿದಳು. “ಎಲ್ಲಿ ತೊಳೆದೆ, ಅಕ್ಕಾ?”

“ಕೊಟ್ಟಿಗೆ ನಲ್ಲೀಲಿ. ಯಾಕೆ, ಪನ್ನೀರು ಬೇಕಿತ್ತಾ?”

ಅಂದು ಬೆಳಿಗ್ಗೆ ಸಿಕ್ಕ ಸತ್ತ ಕಾಡುಹಂದಿಯ ಸುತ್ತ ಅವಳು ಓಡಾಡಿದ್ದು ಅದೇ ಬೂಟಿನಲ್ಲಿ. ಕಿರಿಯವಳು ತನ್ನ ಕಚೇರಿಗೆ ತಿಳಿಸಲು ಅಲ್ಲೇ ಫೋನು ತೆಗೆದಳು.

“ಬೇಡ ಕಣೇ,” ಅಂದಳು ಹಿರಿಯವಳು. “ಯಾರಿಗೆ ಗೊತ್ತಾಗುತ್ತೆ? ನಮ್ಮ ಹಂದಿ ಮೊನ್ನೆ ತಾನೇ ಮರಿ ಹಾಕಿದೆ.”

“ನನಗೆ ಗೊತ್ತಲ್ಲ, ಅಕ್ಕಾ. ಜ್ವರ ಇದ್ರೆ ಅಕ್ಕಪಕ್ಕದವರದ್ದೂ ಹೋಗುತ್ತೆ.”

ಕಚೇರಿಯವರು ಬಂದು ಕೊಟ್ಟಿಗೆಗೆ ಬೀಗ ಹಾಕಿಸಿದರು. ಕಾಡುಹಂದಿಗೆ ಜ್ವರವಿತ್ತೆಂದಾದರೆ ತಾಯಿ, ಮರಿ ಎಲ್ಲವನ್ನೂ ಕೊಲ್ಲಬೇಕು. ಹಿರಿಯವಳು ಮೇವು ಹಾಕುವಾಗಷ್ಟೇ ಬೀಗ ತೆಗೆಯುತ್ತಿದ್ದಳು. ತಂಗಿಯ ಜೊತೆ ಮಾತು ಬಿಟ್ಟಳು. ಕಿರಿಯವಳು ನನಗೆ ಫೋನು ಮಾಡಿ, “ಅಕ್ಕ ಊಟ ಮಾಡಿದ್ಳಾ?” ಎಂದು ಕೇಳುವಳು. ಒಳಗಿನಿಂದ ಇವಳು, “ಮಾಡಿದ್ಳು ಅನ್ನು, ಅಮ್ಮ. ಬೇರೇನೂ ಹೇಳ್ಬೇಡ,” ಎನ್ನುವಳು. ಊಟ ಮಾಡಿರುತ್ತಿರಲಿಲ್ಲ.

ಪರೀಕ್ಷೆಯ ಫಲ ಬಂದ ದಿನ ಫೋನು ಬಂದದ್ದು ನನಗಲ್ಲ, ಅಕ್ಕನಿಗೇ. ಕೇಳುತ್ತ ಕೇಳುತ್ತ ಅವಳು ಕೊಟ್ಟಿಗೆಯ ಹುಲ್ಲಿನ ಮೇಲೆ ಕುಳಿತಳು. “ಜ್ವರ ಇಲ್ವಂತಮ್ಮ. ಆ ಕಾಡುಹಂದಿಗೆ ಯಾವುದೋ ಗಾಡಿ ಗುದ್ದಿತ್ತಂತೆ.” ಆಮೇಲೆ ಫೋನಿಗೆ, “ನೀನು ಮಾಡಿದ್ದು ಸರೀನೇ. ಆದ್ರೂ ನನಗೆ ಸಿಟ್ಟಿದೆ,” ಎಂದಳು.

“ಇರ್ಲಿ, ಇಟ್ಕೋ.”

“ಬಾ, ಬೈಯೋದಿದೆ.”

ಕಿರಿಯವಳು ರಜೆಯ ದಿನ ಮಿಂದು, ಒಗೆದು ಮಡಿಚಿಟ್ಟ ಬಟ್ಟೆ ಉಟ್ಟು ಬಂದಳು. ಆದರೂ ಗೇಟಿನಾಚೆಯೇ ನಿಂತಳು. ಹಿರಿಯವಳು ಎರಡು ಕುರ್ಚಿಗಳನ್ನು ಅಲ್ಲಿಗೇ ಹೊತ್ತು ತಂದು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದುಕೊಂಡೇ ಮನಸಾರೆ ಬೈದಳು.