ಇಬ್ಬನಿ ಆರದ ಅಲಸಂದಿ ಹೊಲ

ನಾನು ಚಿಕ್ಕವನಿದ್ದಾಗ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಬದಲಿಗೆ ಅಕ್ಕ ಬೈಸಿಕೊಂಡಳು.

ಕೆರೂರಿನ ಹತ್ತಿರ ನಮ್ಮದು ಕರಿ ಮಣ್ಣಿನ ಹೊಲ. ಹಿಂಗಾರಿನಲ್ಲಿ ಜೋಳ ಬಿತ್ತುವ ಮುಂಚೆ, ಮುಂಗಾರು ಮಳೆಗೆ ಅಪ್ಪ ಅಲ್ಲಿ ಅಲಸಂದಿ ಹಾಕುತ್ತಿದ್ದ. ಕಾಯಿಗಲ್ಲ, ಕುರಿ ಮೇಯಿಸಲಿಕ್ಕೆ. "ಕುರಿಗೆ ಎಲಿ ಹಾಕಿ ಬಡಸಾಕತ್ತಿಯೇನಲೇ?" ಎಂದು ಬದುವಿನ ಆಚೆಯ ಕಾಕಾ ನಗುತ್ತಿದ್ದ.

"ಉಂಡು ಸುಮ್ನ ಹೋಗೂದಿಲ್ಲೋ ಅವು. ಹೊಲಕ್ಕ ಹಿಕ್ಕಿ ಗೊಬ್ಬರ ಕೊಟ್ಟು ಹೋಗ್ತಾವ" ಎನ್ನುತ್ತಿದ್ದ ಅಪ್ಪ.

ಆದರೆ ಹಸಿದ ಕುರಿ ಒದ್ದೆ ಅಲಸಂದಿ ತಿಂದರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಅದಕ್ಕೇ ಆ ಮುಂಜಾನೆ ಅಪ್ಪ ಊರಿಗೆ ಹೊರಡುವಾಗ ನಮ್ಮಿಬ್ಬರಿಗೂ ಹೇಳಿದ: "ಮೊದಲ ಜ್ವಾಳದ ಒಣ ಕಣಕಿ ತಿನಸ್ರಿ. ಇಬ್ಬನಿ ಆರೂತನಕ ದಡ್ಡಿ ತಗೀಬ್ಯಾಡ್ರಿ."

ಅಂದು ಕೆರೂರ ಸಂತೆ. ಕುರಿ ಮೇದಾದ ಮೇಲೆ ನಮ್ಮಿಬ್ಬರನ್ನೂ ಕರೆದೊಯ್ಯುವುದಾಗಿ ಅಪ್ಪ ಒಪ್ಪಿದ್ದ. ಅಕ್ಕ ನೀರು ತರಲು ಹಳ್ಳಕ್ಕೆ ಹೋದಳು. ನನ್ನ ಮೂಗಿಗೆ ಆಗಲೇ ಸಂತೆಯ ಮಿರ್ಚಿ ಭಜಿಯ ವಾಸನೆ. ಬೇಗ ಮೇದರೆ ಬೇಗ ಹೋಗಬಹುದೆಂದು, ಕಣಕಿಯ ಒಣ ಮೇವನ್ನೂ ಹಾಕದೆ, ಕುರಿ ಕೂಡಿದ್ದ ದಡ್ಡಿಗೆ ಅಡ್ಡವಿದ್ದ ಜಾಲಿ ಮುಳ್ಳು ಎಳೆದುಬಿಟ್ಟೆ. ಕುರಿಗಳು ಹಸಿರಿಗೆ ನುಗ್ಗಿದವು. ನನ್ನ ಕಾಲು ಮೊಳಕಾಲ ತನಕ ಇಬ್ಬನಿಯಲ್ಲಿ ತೊಯ್ದವು.

ಅಕ್ಕ ಬರುವಷ್ಟರಲ್ಲಿ ನಾಲ್ಕು ಕುರಿ ಹೊಟ್ಟೆ ಉಬ್ಬಿ ಬಿದ್ದಿದ್ದವು. ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ತೇಗು ಬರಲೆಂದು ಬೇವಿನ ಕಡ್ಡಿಯನ್ನು ಅವುಗಳ ಬಾಯಿಗೆ ಅಡ್ಡ ಕಟ್ಟಿದಳು. ಗುಡಿಸಲಿನ ಗಿಂಡಿಯಲ್ಲಿದ್ದ ಕುಸುಬೆ ಎಣ್ಣೆಯನ್ನು ಗರ್ಭದ ಮೂರು ಕುರಿಗಳಿಗೆ ಕುಡಿಸಿದಳು. ನಾಲ್ಕನೆಯದರ ಹತ್ತಿರ ಬಂದಾಗ ಎಣ್ಣೆ ಮುಗಿದಿತ್ತು. ಅದು ಅವಳದೇ ಕುರಿ, ತಾಯಿ ಸತ್ತ ಮರಿಗೆ ಬತ್ತಿ ಅದ್ದಿ ಹಾಲೂಡಿಸಿ ಸಾಕಿದ್ದು. ಅದು ಅವಳ ತೊಡೆಯ ಮೇಲೆಯೇ ತಣ್ಣಗಾಯಿತು.

ಅಪ್ಪ ಬಂದು ನೋಡಿದ. "ದಡ್ಡಿ ಯಾರು ತಗದ್ರಿ?"

"ನಾನ ಅಪ್ಪಾ. ಬಿಸಲ ಬಿತ್ತಂತ ತಿಳದೆ" ಎಂದಳು ಅಕ್ಕ.

ಅಪ್ಪ ಅವಳನ್ನು ಬೈದು, ನನ್ನೊಬ್ಬನನ್ನೇ ಸಂತೆಗೆ ಕರೆದೊಯ್ದ. ಅಕ್ಕನಿಗೆಂದು ಒಂದು ಭಜಿ ಕಿಸೆಯಲ್ಲಿಟ್ಟು ತಂದೆ. ಕೊಡಲು ಮುಖವಿರಲಿಲ್ಲ. ಅಂಗಿಗೆ ಎಣ್ಣೆಯ ಕಲೆ ಮಾತ್ರ ಉಳಿಯಿತು.

ಆ ಹೊಲದಲ್ಲಿ ಆ ಸಲ ಜೋಳ ಆಳೆತ್ತರ ನಿಂತಿತು. ಆ ಜೋಳದ ರೊಟ್ಟಿಯನ್ನು ಅಕ್ಕನೇ ಬಡಿದು ನನಗೆ ಹಾಕಿದಳು. ಸತ್ತ ಕುರಿಯ ಮಾತು ಒಮ್ಮೆಯೂ ಎತ್ತಲಿಲ್ಲ. ಅವಳಂಥ ಅಕ್ಕ ಸಿಕ್ಕಿದ್ದು ನನ್ನ ಪುಣ್ಯ.

ಮಕ್ಕಳೇ, ಈಗ ಹೊಲಕ್ಕೆ ಗೊಬ್ಬರ ಚೀಲದಲ್ಲಿ ಬರುತ್ತದೆ. ದಡ್ಡಿ ಕಾಯುವ ಕೆಲಸ ನಿಮಗಿಲ್ಲ. ಆದರೆ ಒಬ್ಬರ ಕಾಲು ಒಬ್ಬರು ತುಳಿದರೂ ನೀವು ಥಟ್ಟನೆ 'ಸಾರಿ' ಅನ್ನುತ್ತೀರಿ. ನಮಗೆ ಆ ರೂಢಿ ಇರಲಿಲ್ಲ. ನಿಮ್ಮನ್ನು ನೋಡಿಯೇ ನನಗೂ ಧೈರ್ಯ ಬಂತು. ಹೋದ ಪಂಚಮಿಗೆ ಇಳಕಲ್ಲಿನ ಅಕ್ಕನ ಮನೆಗೆ ಹೋದಾಗ ಅವಳು ಮೊರದಲ್ಲಿ ಅಲಸಂದಿ ಕಾಳು ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ.

"ಅಕ್ಕಾ, ಅವತ್ತ ದಡ್ಡಿ ತಗದಾಂವ ನಾ. ಅಪ್ಪನ ಮುಂದ ಬಾಯಿ ಬಿಡಲಿಲ್ಲ. ನಿನ್ನ ಕುರಿ ನನ್ನಿಂದ ಸತ್ತಿತು. ತಪ್ಪಾತ ಬೇ."